ವೈನಿಯ ದನಿಯಲ್ಲಿ ನಾನು ಕೊಟ್ಟ ಉತ್ತರಗಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬ ಹೆಂಗಸು ಇಲ್ಲದ ಕೋಣೆಯಲ್ಲಿ, ಆಕೆಯ ಹೆಸರಿನ ಕುರ್ಚಿಯಲ್ಲಿ ಕೂತು, ಆಕೆಯದೇ ದನಿಯಲ್ಲಿ, ಆಕೆ ಯಾವತ್ತೂ ಆಡದ ಮಾತುಗಳನ್ನು ನಾನು ಆಡಿದೆ. ಓದುತ್ತಿದ್ದುದು ಮನಶ್ಶಾಸ್ತ್ರ, ಮಾಡಿದ್ದು ಮಿಮಿಕ್ರಿ. ಕೋಣೆ ತುಂಬ ನಗು. ಆ ನಗು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಅದು ಹೋಗಿ ಯಾರ ಮನೆಯ ಮೇಲೆ ಬೀಳುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ಓಡಲಿಲ್ಲ. ಆ ದಿನ ಇಡೀ ತರಗತಿಯಲ್ಲಿ ಅತಿ ಹೆಚ್ಚು ಅಂಕ ನನಗೇ ಬಂತು, ಅದನ್ನೂ ಹೇಳಿಬಿಡಬೇಕು.

ಈಗ ನಾನು ಎರ್ನಾಕುಳಂನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಮನಶ್ಶಾಸ್ತ್ರಜ್ಞ ಆಗಬೇಕಿತ್ತು, ಆಗಲಿಲ್ಲ. ಮನುಕುಲಕ್ಕೆ ಅದರಿಂದ ನಷ್ಟವೇನೂ ಆದ ಹಾಗೆ ಕಾಣೆ. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಸಹೋದ್ಯೋಗಿಗಳು "ಎಡೋ ರಘು, ಮ್ಯಾನೇಜರನ್ನ ಮಾಡೋ" ಅನ್ನುತ್ತಾರೆ. ಮಾಡುತ್ತೇನೆ. ಮ್ಯಾನೇಜರ ಕೆಮ್ಮು, ವಲ್ಲಾರ್ಪಾಡಂ ದೋಣಿಗೆ ಜನ ಹತ್ತಿಸುವವನ ಗಂಟಲು, ಸಹಿ ಹಾಕುವಾಗ ನಾಲಿಗೆ ಹೊರಗೆ ಹಾಕುವ ನಾನು, ಎಲ್ಲರೂ ಬರುತ್ತಾರೆ. ಹೋದ ವಾರ ಜೋರು ಮಳೆಯಲ್ಲಿ ಹೆಡ್ ಆಫೀಸಿನಿಂದ ಸೈಕ್ಲೋಸ್ಟೈಲ್ ಮಾಡಿದ ಸುತ್ತೋಲೆಯ ಕಟ್ಟು ಬಂತು. ಶಾಯಿ ಇನ್ನೂ ಒಣಗಿರಲಿಲ್ಲ. ಬಿಚ್ಚಿದ್ದೇ ತಡ, ಶಾಯಿ, ಸೀಮೆಎಣ್ಣೆ, ತೇವದ ಕಾಗದ ಮೂರೂ ಸೇರಿದ ಆ ವಾಸನೆ ಮೂಗಿಗೆ ಹೊಡೆಯಿತು. ಮ್ಯಾನೇಜರ ಕೆಮ್ಮಿನ ಮಧ್ಯದಲ್ಲಿದ್ದವನು ಅಲ್ಲೇ ನಿಂತೆ. "ಏನಾಯ್ತೋ?" ಅಂದರು. ತಿರುವನಂತಪುರದ ಎಪ್ಪತ್ಮೂರರ ಮಳೆಗಾಲ ಆಯ್ತು ಅಂತ ಹೇಗೆ ಹೇಳಲಿ?

ಆ ವರ್ಷ ನಾವು ಅದೇ ಊರಿನ ಅಂಚಿನ ಶ್ರೀಕಾರ್ಯಂನಲ್ಲಿದ್ದೆವು. ಅಪ್ಪ ಗೆಡ್ಡೆ ಗೆಣಸುಗಳ ಮೇಲೆ ಸಂಶೋಧನೆ ಮಾಡುವ ಸರ್ಕಾರಿ ನೌಕರ. ಹಗಲು ಆಫೀಸಿನಲ್ಲಿ ಮರಗೆಣಸು, ರಾತ್ರಿ ತಟ್ಟೆಯಲ್ಲಿ ಮರಗೆಣಸು. ಅಮ್ಮ ಮೈಸೂರಿನವಳು, ಮೈಸೂರು ಬಿಟ್ಟು ಆರು ವರ್ಷವಾದರೂ ಬಿಟ್ಟಿದ್ದೇನೆಂದು ಒಪ್ಪಿಕೊಂಡಿರಲಿಲ್ಲ. "ಇನ್ನೇನು ಎರಡು ವರ್ಷ, ವರ್ಗ ಆಗತ್ತೆ. ಈ ಭಾಷೆ ಕಲಿತು ನಾನೇನು ಮಾಡಲಿ?" ಎಂದು ಪ್ರತಿ ವರ್ಷ ಹೇಳುತ್ತಿದ್ದಳು. ಹಾಲಿನವಳ ಹತ್ತಿರ ಬೆರಳಿನಲ್ಲೇ ವ್ಯವಹಾರ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದು ಬೇರೆಯವರ ಬಾಯಿಂದ ಬರುತ್ತದೆ.

ನಾನು ಎಂ.ಎ. ಓದುತ್ತಿದ್ದೆ. ಬೆಳವಣಿಗೆಯ ಮನಶ್ಶಾಸ್ತ್ರ ಕಲಿಸುತ್ತಿದ್ದವರು ಏಲಿಯಮ್ಮ ಟೀಚರ್. ಬಿಳಿ ಸೀರೆ, ದಪ್ಪ ಕನ್ನಡಕ, ಮಾತು ಮುಗಿದ ಮೇಲೆ ಸೀಮೆಸುಣ್ಣವನ್ನು ಊದುವ ಅಭ್ಯಾಸ. ಅವರ ವಿಷಯಕ್ಕೆ ಪರೀಕ್ಷೆಗಿಂತ ಕೇಸ್ ಸ್ಟಡಿ ದೊಡ್ಡದು. ಪ್ರತಿಯೊಬ್ಬರೂ ಒಂದು ಮಗುವನ್ನು ಆರಿಸಿಕೊಂಡು, ಜೂನಿನಿಂದ ಓಣಂವರೆಗೆ ಅದರ ಮನೆಗೆ ಹೋಗಿ ಬಂದು, ನೋಡಿದ್ದನ್ನು ಬರೆಯಬೇಕು. ಮಗುವಿನ ಹೆಸರು, ಊರು, ಅಪ್ಪನ ಕೆಲಸ ಎಲ್ಲ ಬದಲಿಸಬೇಕು. ಆ ಪೇಪರನ್ನು ಸೈಕ್ಲೋಸ್ಟೈಲ್ ಮಾಡಿಸಿ ಎಲ್ಲರಿಗೂ ಹಂಚಿದ ಮೇಲೆ, ಶುಕ್ರವಾರ ಚರ್ಚೆ. ಚರ್ಚೆಗೆ ಟೀಚರದೇ ಒಂದು ಪದ್ಧತಿ ಇತ್ತು. ಕರಿಹಲಗೆಯ ಮುಂದೆ ಒಂದು ಬೆತ್ತದ ಕುರ್ಚಿ. ಪೇಪರು ಬರೆದವರು ಅದರಲ್ಲಿ ಮಗುವಿನ ತಾಯಿಯಾಗಿ ಕೂರಬೇಕು. ಉಳಿದವರು ತಾಯಿಯನ್ನು ಕೇಳಿದ ಹಾಗೆ ಪ್ರಶ್ನೆ ಕೇಳುತ್ತಾರೆ. ತಾಯಿಯಿಂದ ಕೇಳಿ ತಿಳಿದಿದ್ದರೆ ಉತ್ತರ ಕೊಡಬೇಕು, ಇಲ್ಲದಿದ್ದರೆ 'ಕೇಳಿಲ್ಲ' ಅನ್ನಬೇಕು. ಕೇಳಿಲ್ಲ ಅಂದ ಪ್ರಶ್ನೆಯನ್ನು ಟೀಚರ್ ಹಲಗೆಯ ಮೇಲೆ ಬರೆಯುತ್ತಿದ್ದರು. ಮುಂದಿನ ವಾರ ಆ ಮನೆಗೆ ಹೋಗಿ ಅದನ್ನು ಕೇಳಿಕೊಂಡು ಬರಬೇಕು.

ಹಲಗೆ ತುಂಬಿದಷ್ಟೂ ಪಾಠ ಚೆನ್ನಾಗಿ ಆಯಿತು ಎಂಬುದು ಅವರ ಲೆಕ್ಕ. ನಮಗದು ಅವಮಾನದ ಲೆಕ್ಕ. ಪಿಳ್ಳೆ ಅನ್ನುವ ಪಾಪದ ಸಹಪಾಠಿಯೊಬ್ಬ ಕುರ್ಚಿಯಲ್ಲಿ ಕೂತ ದಿನ ಬೆವರಿ ಬೆವರಿ 'ಕೇಳಿಲ್ಲ' ಅನ್ನುವುದನ್ನೇ ಮಲಯಾಳಂನಲ್ಲಿ "ಚೋದಿಚ್ಚಿಲ್ಲ, ಚೋದಿಚ್ಚಿಲ್ಲ" ಎಂದು ಹಲಗೆಯನ್ನು ಅಂಚಿನವರೆಗೆ ತುಂಬಿಸಿದ. ಅವತ್ತಿನಿಂದ ಅವನಿಗೆ 'ಚೋದಿಚ್ಚಿಲ್ಲ ಪಿಳ್ಳೆ' ಎಂದು ಹೆಸರಿಟ್ಟವನು ನಾನೇ. ಅವನು ಮುಂದಿನ ವಾರ ಹೋಗಿ ಎಲ್ಲವನ್ನೂ ಕೇಳಿಕೊಂಡು ಬಂದ. ಅದಕ್ಕೆ ಮಾತ್ರ ನಾನೇನೂ ಹೆಸರಿಡಲಿಲ್ಲ.

ನನ್ನ ಮಗು ನಮ್ಮ ಓಣಿಯಲ್ಲೇ ಸಿಕ್ಕಿತು. ಎರಡು ಮನೆ ಆಚೆ ಧಾರವಾಡದ ದೇಸಾಯಿಯವರು ಬಾಡಿಗೆಗಿದ್ದರು. ಅವರದು ರಾಕೆಟ್ ಹಾರಿಸುವ ಕೇಂದ್ರದಲ್ಲಿ ಕೆಲಸ. ಬೆಳಗಾಗುತ್ತಲೇ ಆಫೀಸಿನ ಬಸ್ಸಿನಲ್ಲಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹೆಂಡತಿ ಗಂಗಾ ವೈನಿ. ಧಾರವಾಡದ ಕಡೆ ಅತ್ತಿಗೆಯನ್ನು ವೈನಿ ಅನ್ನುತ್ತಾರೆ. ಅವರೇ ನನಗೆ ಹಾಗೆ ಕರೆ ಅಂದಿದ್ದರು. ಅವರು ಹಿತ್ತಲಲ್ಲಿ ಮಾತಾಡಿದರೆ ಬೇಲಿಯಾಚೆ ಕೋಳಿಗಳು ತಲೆಯೆತ್ತಿ ನೋಡುತ್ತಿದ್ದವು. "ಹೊಡೆದ ಹಾಗೆ ಮಾತಾಡ್ತಾಳಪ್ಪ" ಎಂದು ಅಮ್ಮ ಮೂಗು ಮುರಿಯುತ್ತಿದ್ದಳು. ನನಗೋ ಆ ದನಿ ಹಬ್ಬ. ವಾಕ್ಯದ ಕೊನೆಯಲ್ಲಿ ಏರಿ, ತುದಿಯಲ್ಲಿ ಒಂದು ಕ್ಷಣ ನಿಂತು, ದಡಕ್ಕನೆ ಇಳಿಯುವ ದನಿ. ಒಂದೇ ವಾರದಲ್ಲಿ ಕಲಿತುಬಿಟ್ಟಿದ್ದೆ.

ಮಗಳು ಮಾಲಾ, ಏಳು ವರ್ಷ, ಕಾನ್ವೆಂಟಿನಲ್ಲಿ ಎರಡನೇ ಕ್ಲಾಸು. ಮನೆಯಲ್ಲಿ ತಾಯಿಗೆ ತಕ್ಕ ಮಗಳು. ಶಾಲೆಯಲ್ಲಿ ಒಂದು ವರ್ಷದಿಂದ ಒಂದು ಮಾತೂ ಇಲ್ಲ. ಬರೆಯುತ್ತಾಳೆ, ತಲೆಯಾಡಿಸುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಅರ್ಧ ವರ್ಷದ ಪರೀಕ್ಷೆಯಲ್ಲಿ ಗಟ್ಟಿಯಾಗಿ ಓದದಿದ್ದರೆ ಬೇರೆ ಶಾಲೆ ನೋಡಿಕೊಳ್ಳಬೇಕಾಗುತ್ತದೆ ಎಂದು ಅಲ್ಲಿನ ಮುಖ್ಯಸ್ಥೆ ಹೇಳಿಕಳಿಸಿದ್ದರು.

ನಾನು ಮೊದಲ ದಿನ ಹೋಗಿ, "ವೈನಿ, ನನಗೊಂದು ಮಗು ಬೇಕಿತ್ತು" ಅಂದೆ.

"ಅಯ್ಯ, ಮೊದಲ ಲಗ್ನಾ ಮಾಡ್ಕೋಳೋ ತಮ್ಮಾ."

"ಓದೋಕೆ ವೈನಿ. ಮಾಲಾನ ನೋಡಿ ಬರೀಬೇಕು. ನಮ್ಮ ಟೀಚರ್ ಮುಂದೆ ಚರ್ಚೆ ಆಗತ್ತೆ."

ಅವರು ನಗುವುದನ್ನು ನಿಲ್ಲಿಸಿದರು. ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ನನ್ನೆದುರು ಕೂತರು. "ಬರಿ. ಎಷ್ಟು ಬೇಕೋ ಅಷ್ಟು ಬರಿ. ನನ್ನ ಮಗಳು ಸಾಲ್ಯಾಗ ಯಾಕ ಬಾಯಿ ಬಿಡವಲ್ಲಳು, ಅದೊಂದು ನಿಮ್ಮ ಟೀಚರ್ ಕಡೆಯಿಂದ ತಿಳಕೊಂಡು ಬಾ. ನನಗ ಅಷ್ಟ ಸಾಕು."

ಮೂರು ತಿಂಗಳು ಹೋದೆ. ಹೋಗುತ್ತಿದ್ದುದು ಸಂಜೆ, ಸರಿಯಾಗಿ ರೊಟ್ಟಿ ಬಡಿಯುವ ಹೊತ್ತಿಗೆ. ಊರಿಂದ ಚೀಲದಲ್ಲಿ ತಂದ ಜೋಳದ ಹಿಟ್ಟು, ಪುಂಡಿಪಲ್ಯ, ಮೆಣಸಿನಕಾಯಿಯ ಹಿಂಡಿ. ಬಾಯಿ ತುಂಬ ಇದ್ದಾಗ ಪ್ರಶ್ನೆ ಕೇಳುವುದು ಹೇಗೆ? ಮಾಲಾಳನ್ನು ಒಲಿಸಿಕೊಳ್ಳಲು ಕಾಗೆ, ಬಸ್ಸಿನ ಕಂಡಕ್ಟರು, ನಮ್ಮ ಅಪ್ಪ ಎಲ್ಲರನ್ನೂ ಮಾಡಿ ತೋರಿಸಿದೆ. ಅವಳು ನೆಲದ ಮೇಲೆ ಉರುಳಿ ನಗುತ್ತಿದ್ದಳು. "ರಘು ಕಾಕಾ, ಇನ್ನೊಮ್ಮೆ! ಕಾಗಿ ಬ್ಯಾಡ, ನಿಮ್ಮಪ್ಪನ್ನ ಮಾಡು!"

ಒಂದು ದಿನ ಮಳೆ. ಜಗಲಿಯಲ್ಲಿ ಮಾಲಾ ಒಬ್ಬಳೇ. ಮನೆಯ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸಿ, ಕೈಯಲ್ಲಿ ತೆಂಗಿನ ಕಡ್ಡಿ ಹಿಡಿದು ಪಾಠ ಮಾಡುತ್ತಿದ್ದಳು. ಪಾಠ ಮಲಯಾಳಂನಲ್ಲಿ! ನನಗಿಂತ, ಅವಳಪ್ಪನಿಗಿಂತ, ನಮ್ಮ ಓಣಿಯ ಕನ್ನಡದವರೆಲ್ಲರಿಗಿಂತ ಚೆಂದದ ಮಲಯಾಳಂ. ಮೊದಲು ತುಟಿಯ ಮೇಲೆ ಬೆರಳಿಟ್ಟು "ಮಿಂಡರುದ್!" ಎಂದು ಗದರಿದಳು, ಮಾತಾಡಬಾರದು ಅಂತ ಅರ್ಥ. ದೇಸಾಯರ ದೊಡ್ಡ ಚಪ್ಪಲಿ ಏನೋ ತುಂಟತನ ಮಾಡಿತೆಂದು ಕಾಣುತ್ತದೆ, ಅದಕ್ಕೆ ಎರಡು ಏಟು ಬಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಅದ್ಭುತ ಅನ್ನಿಸಿತು.

ಆದರೆ ಪೇಪರಿಗೆ ಅದು ಹೋಗಲಿಲ್ಲ. ಯಾಕೆಂದರೆ ಪೇಪರಿಗೆ 'ಕಾರಣ' ಅನ್ನುವ ಒಂದು ಭಾಗ ಇತ್ತು, ಅದು ಖಾಲಿ ಇತ್ತು. ಆ ಕಾಲದಲ್ಲಿ ನಮ್ಮ ಲೈಬ್ರರಿಯ ಪುಸ್ತಕಗಳಲ್ಲಿ ಮಗು ಉಗುರು ಕಚ್ಚಿದರೆ ತಾಯಿ, ಹಾಸಿಗೆ ಒದ್ದೆ ಮಾಡಿದರೆ ತಾಯಿ, ಸುಮ್ಮನಿದ್ದರೂ ತಾಯಿ. ಮನೆಯಲ್ಲಿ ಕನ್ನಡ, ಹೊರಗೆ ಮಲಯಾಳಂ, ನಡುವೆ ಗೊಂದಲಗೊಂಡ ಮಗು, ಅದಕ್ಕೆ ಬಾಯಿ ಕಟ್ಟಿದೆ: ಇಷ್ಟು ಬರೆದರೆ ಖಾಲಿ ಜಾಗ ಚೆಂದವಾಗಿ ತುಂಬುತ್ತಿತ್ತು. ಚಪ್ಪಲಿಗಳಿಗೆ ಪಾಠ ಮಾಡುವ ಹುಡುಗಿಯನ್ನು ಒಳಗೆ ಬಿಟ್ಟುಕೊಂಡರೆ ಅದೆಲ್ಲ ಕೆಡುತ್ತಿತ್ತು. ಹಾಗಾಗಿ ಅವಳನ್ನು ಜಗಲಿಯಲ್ಲೇ ಬಿಟ್ಟೆ.

ಓಣಂಗೆ ಮುಂಚಿನ ಶುಕ್ರವಾರ ನನ್ನ ಸರದಿ. ಪೇಪರಿನಲ್ಲಿ ಮಾಲಾ 'ಬೇಬಿ ಕೆ' ಆಗಿದ್ದಳು. ಅಪ್ಪನನ್ನು ರೈಲ್ವೆಗೆ ಸೇರಿಸಿದ್ದೆ, ಮನೆಯನ್ನು ಕೊಚ್ಚಿಗೆ ಸಾಗಿಸಿದ್ದೆ. ಎಲ್ಲ ಮುಚ್ಚಿಟ್ಟಾಗಿತ್ತು. ಬೆತ್ತದ ಕುರ್ಚಿಯಲ್ಲಿ ಹೋಗಿ ಕೂತೆ. ಕೂತ ತಕ್ಷಣ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕಾಲಿನ ಮೇಲೆ ಕೈ ಬಡಿದೆ. ಅಷ್ಟಕ್ಕೇ ಹಿಂದಿನ ಬೆಂಚು ನಕ್ಕಿತು. ಆ ನಗು ಕೇಳಿದ ಮೇಲೆ ನನ್ನನ್ನು ಹಿಡಿಯುವವರು ಯಾರು?

ಏಲಿಯಮ್ಮ ಟೀಚರ್ ಕೇಳಿದರು: "ಅಮ್ಮಾ, ನಿಮ್ಮ ಮಗಳು ಶಾಲೆಯಲ್ಲಿ ಮಾತಾಡುವುದಿಲ್ಲ. ಯಾಕೆಂದು ನಿಮಗೇನಾದರೂ ಅನ್ನಿಸುತ್ತದೆಯೇ?"

ನಾನು ವೈನಿಯ ಏರಿಳಿತದಲ್ಲಿ, ವೈನಿಯ ಒಡಕು ಮಲಯಾಳಂನಲ್ಲಿ, ನಡುವೆ ಕನ್ನಡವನ್ನೂ ಇಂಗ್ಲಿಷನ್ನೂ ಸುರಿದು, ಮನೆಯಲ್ಲಿರುವ ಮಾತನ್ನೆಲ್ಲ ನಾನೇ ಮುಗಿಸಿಬಿಡುತ್ತೇನೆ, ಪಾಪ ಮಗಳಿಗೆ ಎಲ್ಲಿ ಉಳಿಯಬೇಕು ಅಂದೆ. ಟೀಚರೂ ನಕ್ಕರು. ಸೀಮೆಸುಣ್ಣ ಕೆಳಗಿಟ್ಟು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮುಂದಿನ ಸಾಲಿನಲ್ಲಿ ಸಿಸ್ಟರ್ ಬೆನಿಟಾ ಕೂತಿದ್ದರು. ಯಾವುದೋ ಕಾನ್ವೆಂಟ್ ಶಾಲೆಯ ಟೀಚರು, ವಾಸವೂ ಅಲ್ಲೇ, ರಜೆ ಹಾಕಿ ಓದಲು ಬಂದವರು. ಯಾವ ಶಾಲೆ ಎಂದು ನಾನು ಕೇಳಿರಲಿಲ್ಲ. ಅವರು ಮೆಲ್ಲಗೆ ಕೇಳಿದರು: "ಮನೆಯಲ್ಲಿ ಮಗಳ ಜೊತೆ ಸ್ವಲ್ಪವಾದರೂ ಮಲಯಾಳಂ ಆಡಬಹುದಲ್ಲ, ಯಾಕೆ ಆಡುವುದಿಲ್ಲ?"

ಇದನ್ನು ನಾನು ವೈನಿಯನ್ನು ಕೇಳಿರಲಿಲ್ಲ. 'ಕೇಳಿಲ್ಲ' ಅಂದಿದ್ದರೆ ಮುಗಿಯುತ್ತಿತ್ತು, ಹಲಗೆಯ ಮೇಲೆ ಒಂದು ಸಾಲು. ಆದರೆ ನಗಿಸುತ್ತಿರುವವನಿಗೆ ಸುಮ್ಮನಾಗುವುದು ಎಂದರೆ ಸಾವು. ಬಾಯಿಗೆ ಬಂದದ್ದು ಅಮ್ಮನ ಮಾತು. ಅದನ್ನೇ ವೈನಿಯ ದನಿಗೆ ಹಾಕಿ ಎಳೆದೆ: "ಎರಡು ವರ್ಷಕ್ಕ ವರ್ಗಾ ಆಗ್ತದ್ರಿ. ಈ ಭಾಷಾ ಕಲ್ತು ನಾ ಏನ್ ಮಾಡ್ಲಿ? ಮಗಳಿಗೂ ಅದನ್ನ ಹೇಳೀನಿ!" ಆಮೇಲೆ ಮಲಯಾಳಂನಲ್ಲಿ ಅರ್ಥ ಹೇಳಿ, ಮೂಗನ್ನೂ ಮುರಿದು ತೋರಿಸಿದೆ.

ಹಿಂದಿನ ಬೆಂಚು ಮತ್ತೆ ನಕ್ಕಿತು. ಮುಂದಿನ ಸಾಲು ನಗಲಿಲ್ಲ. ಅದು ನನಗೆ ಕಾಣಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಕಾಣಿಸಿತು, ಅದಕ್ಕೇ ಇನ್ನಷ್ಟು ಜೋರಾಗಿ ಮಾಡಿದೆ. ಗಂಟೆ ಹೊಡೆಯುವ ಹೊತ್ತಿಗೆ ಹಲಗೆಯ ಮೇಲೆ ಒಂದು ಪ್ರಶ್ನೆಯೂ ಇರಲಿಲ್ಲ. ತಾಯಿಯ ತಿರಸ್ಕಾರವೇ ಮಗುವಿನ ಮೌನಕ್ಕೆ ಕಾರಣ ಎಂದು ತರಗತಿ ತೀರ್ಮಾನಿಸಿತು. "ಇಷ್ಟು ಪೂರ್ತಿಯಾದ ಚರ್ಚೆ ನಮ್ಮಲ್ಲಿ ಇದೇ ಮೊದಲು" ಅಂದರು ಟೀಚರ್.

ಹೊರಗೆ ವರಾಂಡದಲ್ಲಿ ಸಿಸ್ಟರ್ ಬೆನಿಟಾ ನನ್ನನ್ನು ತಡೆದರು. "ರಘು, ಆ ತಾಯಿ ನನಗೆ ಗೊತ್ತು ಅನ್ನಿಸುತ್ತೆ. ನಮ್ಮ ಶಾಲೆಯ ಗೇಟಿನ ಹತ್ತಿರ ದಿನಾ ಇದೇ ದನಿ ಕೇಳಿದ್ದೇನೆ."

ಹೆಸರು ಬದಲಿಸಿದ್ದೆ, ಊರು ಬದಲಿಸಿದ್ದೆ, ದನಿಯನ್ನು ಮಾತ್ರ ಹಾಗೇ ತಂದು ಎಲ್ಲರ ಮುಂದೆ ಇಟ್ಟಿದ್ದೆ. ಅಲ್ಲೇ ಎದೆ ಧಸಕ್ಕೆನ್ನಬೇಕಿತ್ತು. ನಾನು ಹಲ್ಲು ಕಿರಿದು ಏನಂದೆ ಗೊತ್ತೇ? "ಹೌದಾ ಸಿಸ್ಟರ್? ಅಷ್ಟು ಚೆನ್ನಾಗಿ ಬಂತಾ?"

ಪೇಪರು ಮುಗಿದ ಮೇಲೆ ನಾನು ದೇಸಾಯರ ಮನೆಗೆ ಹೋಗಲಿಲ್ಲ. ಓಣಂ ಕಳೆಯಿತು, ತುಲಾ ಮಾಸದ ಹಿಂಗಾರು ಮಳೆ ಶುರುವಾಯಿತು. ಮಧ್ಯಾಹ್ನದವರೆಗೆ ಸುಡುಬಿಸಿಲು, ಮೂರು ಗಂಟೆಗೆ ಆಕಾಶ ಕಪ್ಪಾಗಿ ಗುಡುಗು. ಒಂದು ಸಂಜೆ ಅಮ್ಮ, "ಧಾರವಾಡದವರು ಊರಿಗೆ ಹೋದರೇನೋ? ಆ ಕಡೆಯಿಂದ ಸದ್ದೇ ಇಲ್ಲ" ಅಂದಳು. ಅವಳ ದನಿಯಲ್ಲಿ ಏನೋ ಕಳೆದುಕೊಂಡ ಹಾಗಿತ್ತು. ನಾನು ಎದ್ದು ಹೋದೆ.

ಬಾಗಿಲು ತೆರೆದೇ ಇತ್ತು. ವೈನಿ ಒಳಗಿದ್ದರು. ನನ್ನನ್ನು ನೋಡಿ "ಇರಿಕ್ಕೂ" ಅಂದರು. ಮಲಯಾಳಂನಲ್ಲಿ 'ಕೂತುಕೋ'. ತಮಾಷೆ ಮಾಡುತ್ತಿದ್ದಾರೆಂದು ನಾನೂ ಮಲಯಾಳಂನಲ್ಲಿ ಏನೋ ತಮಾಷೆಯ ಉತ್ತರ ಕೊಟ್ಟೆ. ಅವರು ನಗಲಿಲ್ಲ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ ಮಾಲಾಳನ್ನು ಕರೆದರು. "ಮೋಳೇ... ವಾ. ಚೋರು..." ಮಗಳೇ, ಬಾ, ಅನ್ನ, ಅಲ್ಲಿಗೆ ನಿಂತಿತು. ಮುಂದಿನ ಪದ ಹುಡುಕಿದರು. ಕನ್ನಡದಲ್ಲಿ ಮೈಲಿಗಟ್ಟಲೆ ದಡದಡ ನಡೆಯಬಲ್ಲ ಹೆಂಗಸು ತನ್ನ ಮನೆಯ ನಡುಮನೆಯಲ್ಲಿ ಕಾಲಿಗೆ ಮುಳ್ಳು ನೆಟ್ಟವರ ಹಾಗೆ ನಿಂತುಬಿಟ್ಟರು. ಮಾಲಾ ತಿರುಗಲಿಲ್ಲ. "ಕಾಗೆ ಮಾಡಲಾ?" ಎಂದು ನಾನು ಕೇಳಿದೆ. ಅವಳು ತಲೆಯನ್ನೂ ಆಡಿಸಲಿಲ್ಲ.

ವೈನಿ ನನ್ನನ್ನು ಹಿತ್ತಲಿಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ, ಕಳ್ಳತನ ಮಾಡುವವರ ಹಾಗೆ ಕನ್ನಡದಲ್ಲಿ ಮಾತಾಡಿದರು.

"ಸಾಲಿಯಿಂದ ಕರೆ ಕಳಿಸಿದ್ರು ತಮ್ಮಾ. ಯಾರೋ ಹೇಳ್ಯಾರಂತ, ಈ ತಾಯಿ ಮಲಯಾಳಂ ಅಂದ್ರ ಮೂಗು ಮುರೀತಾಳ, ಮಗಳಿಗೂ ಕಲೀಬ್ಯಾಡ ಅಂತ ಹೇಳ್ಯಾಳ ಅಂತ. ನಾ ಯಾವಾಗ ಹೇಳೀನೋ? ಹಾಲಿನ ಅಮ್ಮಿಣಿ ಕಡೆ ದಿನಾ ನಾಲ್ಕು ಮಾತು ಕಲೀತೀನಿ ನಾನು. ಮನ್ಯಾಗ ಕನ್ನಡ ಪೂರಾ ಬಂದ್ ಮಾಡ್ರಿ ಅಂದ್ರು. ಮಾಡೀನಿ. ಇವರೂ ಮಾಡ್ಯಾರ. ಈಗ ನೋಡು, ಸಾಲ್ಯಾಗೂ ಮಾತಿಲ್ಲ, ಮನ್ಯಾಗೂ ಮಾತಿಲ್ಲ. ಹದಿನೈದು ದಿನಾ ಆತು ಅಕಿ ನನ್ನ ಅವ್ವಾ ಅಂದು."

ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿ ವೈನಿ ಮುಂದುವರಿಸಿದರು.

"ಸೋಮವಾರ ಮತ್ತ ಕರದಾರ. ಇವರಿಗೆ ರಜಾ ಇಲ್ಲ. ನನಗ ಅಲ್ಲೆ ನಾಲಿಗಿ ಹೊಳ್ಳೂದಿಲ್ಲ. ನೀ ಬರ್ತೀಯೇನು? ಓದಿದಾವ ಇದ್ದೀ, ನಮ್ಮನಿ ನೋಡಿದಾವ ಇದ್ದೀ. ನನ್ನ ಪರವಾಗಿ ನೀನ ಮಾತಾಡು."

ನನ್ನ ಪರವಾಗಿ ನೀನೇ ಮಾತಾಡು! ನಾನು "ಬರ್ತೀನಿ ವೈನಿ" ಅಂದೆ. ಆಗಲೇ ಹೇಳಬೇಕಿತ್ತು. ಸೋಮವಾರ ಬಸ್ಸಿನಲ್ಲಿ ಹೇಳಬೇಕಿತ್ತು. ಬಸ್ಸಿನಲ್ಲಿ ನಾನು ಮಾಡಿದ್ದು ಮಾಲಾಳ ಮುಂದೆ ಕಂಡಕ್ಟರನ ನಕಲು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಕಂಡಕ್ಟರನೇ ನನ್ನನ್ನು ನೋಡಿ "ಎನ್ದಾ ಮೋನೇ?" ಅಂದ, ಏನೋ ಮಗನೇ ಅಂತ.

ಶಾಲೆಯ ಆಫೀಸಿನಲ್ಲಿ ಮುಖ್ಯಸ್ಥೆ ಕೂತಿದ್ದರು, ಮಕ್ಕಳು ಅವರನ್ನು ಮದರ್ ಅನ್ನುತ್ತಿದ್ದರು. ಅವರ ಪಕ್ಕದಲ್ಲಿ ಸಿಸ್ಟರ್ ಬೆನಿಟಾ. ನನ್ನನ್ನು ಕಂಡ ಕೂಡಲೇ ಸಿಸ್ಟರ ಮುಖ ಅರಳಿತು. "ಮದರ್, ನಾನು ಹೇಳಿದ ಪೇಪರು ಇವರದೇ. ಒಳ್ಳೆಯದಾಯಿತು, ಇವರೇ ಬಂದಿದ್ದಾರೆ. ತಾಯಿಯ ಮಾತನ್ನೆಲ್ಲ ಇವರೇ ನಮಗೆ ತಂದು ತೋರಿಸಿದ್ದು."

ಅವರು ಹೇಳಿದ್ದು ಮಲಯಾಳಂನಲ್ಲಿ. ವೈನಿಗೆ ಅಷ್ಟು ಮಲಯಾಳಂ ಚೆನ್ನಾಗಿ ತಿಳಿಯುತ್ತಿತ್ತು. ಅವರು ನಿಧಾನಕ್ಕೆ ನನ್ನ ಕಡೆ ತಿರುಗಿದರು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನೋಡಿದ್ದು ನನ್ನ ಬಾಯಿಯನ್ನು, ಅದರೊಳಗೆ ಏನಿದೆಯೋ ಎನ್ನುವ ಹಾಗೆ.

ನಾನು ಗಡಬಡಿಸಿ ಎದ್ದೆ. ಅದು ಆಕೆಯ ಮಾತಲ್ಲ, ನಾನು ಕಟ್ಟಿದ್ದು, ನನ್ನ ತಾಯಿ ಮನೆಯಲ್ಲಿ ಅನ್ನುವ ಮಾತು, ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಒದರಿದೆ. ಈ ಹುಡುಗಿಗೆ ಮಲಯಾಳಂ ಬಾರದೆಂದಲ್ಲ, ನೀರು ಕುಡಿದಂತೆ ಬರುತ್ತದೆ, ಚಪ್ಪಲಿಗಳನ್ನು ಸಾಲಾಗಿಟ್ಟು ಪಾಠ ಮಾಡುತ್ತಾಳೆ, ನಾನೇ ಕೇಳಿದ್ದೇನೆ ಅಂದೆ.

ಸಿಸ್ಟರ್ ಬೆನಿಟಾ ತುಂಬ ಮೆತ್ತಗೆ ಕೇಳಿದರು: "ಅದು ಪೇಪರಿನಲ್ಲಿ ಇರಲಿಲ್ಲವಲ್ಲ ರಘು?"

"ಇರಲಿಲ್ಲ."

"ಯಾಕೆ?"

"ಪೇಪರು ಕೆಡುತ್ತಿತ್ತು."

ಸಿಸ್ಟರ್ ಶಿಲುಬೆಯನ್ನು ಬೆರಳಿನಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿದರು. ತಪ್ಪು ನನ್ನದು, ನಾಚಿದವರು ಅವರು. ಅದನ್ನು ನೋಡಲಾಗದೆ ನಾನು ಮತ್ತೆ ಬಾಯಿ ತೆರೆದೆ: ಮಗುವಿನ ಮೌನಕ್ಕೆ ನಿಜವಾದ ಕಾರಣ ಏನಿರಬಹುದೆಂದರೆ...

"ರಘು, ನೀ ಸುಮ್ಮನ ಕೂಡು" ಅಂದರು ವೈನಿ. ಕನ್ನಡದಲ್ಲಿ, ಎಂದಿನ ಎತ್ತರದ ದನಿಯಲ್ಲಿ. ಮೂರು ವಾರದಿಂದ ಆ ದನಿ ಕೇಳಿರದ ಮಾಲಾ ತಾಯಿಯ ಕಡೆ ಥಟ್ಟನೆ ತಿರುಗಿದಳು.

ಮುಖ್ಯಸ್ಥೆ ಕನ್ನಡಕದ ಮೇಲಿಂದ ನೋಡುತ್ತ, "ಹಾಗಾದರೆ ನೀವೇ ಹೇಳಿ ಅಮ್ಮಾ. ಮಗು ಯಾಕೆ ಮಾತಾಡುವುದಿಲ್ಲ?" ಅಂದರು.

ವ್ಯಾಕರಣ ಇಲ್ಲದ, ಹಾಲಿನ ಅಮ್ಮಿಣಿಯಿಂದ ಕಲಿತ ಮಲಯಾಳಂನಲ್ಲಿ ವೈನಿ ಹೇಳಿದರು: "ಗೊತ್ತಿಲ್ಲ ಮದರ್. ನನಗೆ ಗೊತ್ತಿಲ್ಲ." ನನ್ನ ಬಾಯಿಂದ ಒಂದು ಸಲವೂ ಬಾರದ ಮಾತು. ಆಮೇಲೆ ಕಿಟಕಿಯಿಂದ ಕಾಣುತ್ತಿದ್ದ ಪಕ್ಕದ ತರಗತಿಯತ್ತ ಕೈ ತೋರಿಸಿದರು. ಅಲ್ಲಿ ಟೀಚರು ಇಲ್ಲದ ಹೊತ್ತಿನಲ್ಲಿ ಇಡೀ ಕ್ಲಾಸು ತುಟಿಯ ಮೇಲೆ ಬೆರಳಿಟ್ಟು ಕೂತಿತ್ತು. "ಮಾತಾಡುವ ಮಕ್ಕಳಿಗೆಲ್ಲ ನೀವು ಬೆರಳು ಇಡಿಸುತ್ತೀರಿ. ನನ್ನ ಮಗಳು ಹೇಳಿಸಿಕೊಳ್ಳದೆ ಇಟ್ಟಿದ್ದಾಳೆ. ಅವಳನ್ನೇ ಶಾಲೆಯಿಂದ ತೆಗೀತೀರಾ?"

ಮುಖ್ಯಸ್ಥೆ ಪಕ್ಕದ ತರಗತಿಯನ್ನು ನೋಡಿದರು. ತುಟಿ ಬಿಗಿಹಿಡಿದರೂ ಮೂಗಿನ ತುದಿಯಲ್ಲಿ ನಗು ಸೋರಿತು. ಅರ್ಧ ವರ್ಷದ ಪರೀಕ್ಷೆಯಲ್ಲಿ ಓದುವ ಬದಲು ಬರೆಯಲಿ, ಮಗುವನ್ನು ಎಲ್ಲಿಗೂ ಕಳಿಸುವುದಿಲ್ಲ, ಮನೆಯಲ್ಲಿ ನಿಮ್ಮ ಭಾಷೆಯನ್ನೇ ಆಡಿ ಅಂದರು. ಮರಳಿ ಬರುವಾಗ ವೈನಿ ಬಸ್ಸಿನಲ್ಲಿ ನನ್ನ ಹತ್ತಿರ ಕೂರಲಿಲ್ಲ. ಹೆಂಗಸರ ಸೀಟಿನಲ್ಲಿ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಅವಳ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು.

ಮಾರನೆಯ ದಿನ ಏಲಿಯಮ್ಮ ಟೀಚರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಯಾರ ದನಿಯನ್ನೂ ಮಾಡದೆ ಹೇಳಿದೆ. ನನ್ನ ಸ್ವಂತ ದನಿ ಎಷ್ಟು ತೆಳ್ಳಗಿದೆ ಎಂದು ಅವತ್ತು ಗೊತ್ತಾಯಿತು. ಅವರು ನನ್ನ ಪೇಪರನ್ನು ತೆಗೆದು ಅಂಕದ ಮೇಲೆ ಗೀಟು ಎಳೆದರು. ಬಯ್ಯುತ್ತಾರೆಂದು ಕಾದೆ.

"ನೀನು ಒಂದು ಸಲವೂ 'ಕೇಳಿಲ್ಲ' ಅನ್ನಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು" ಅಂದರು. "ನಾನೂ ನಗುತ್ತಾ ಕೂತೆ." ಸೀಮೆಸುಣ್ಣ ಎತ್ತಿ ಊದಲು ಹೋದವರು ಊದದೆ ಇಟ್ಟರು. ಅವರು ಬಯ್ದಿದ್ದರೆ ಆ ದನಿಯನ್ನಾದರೂ ಮನೆಗೆ ಕೊಂಡೊಯ್ಯಬಹುದಿತ್ತು. ಆಮೇಲೆ ಹೇಳಿದರು, ಆ ತಾಯಿ ಒಪ್ಪಿದರೆ ಹೋಗಿ ಎಲ್ಲ ಪ್ರಶ್ನೆಗಳನ್ನೂ ಸರಿಯಾಗಿ ಕೇಳಿ ಪೇಪರನ್ನು ಮತ್ತೆ ಬರೆದು ತಾ. ಒಪ್ಪದಿದ್ದರೆ ನಿನಗೆ ಈ ವಿಷಯದಲ್ಲಿ ಅಂಕವಿಲ್ಲ. ಅಂಕವಿಲ್ಲದಿದ್ದರೆ ಪದವಿ ಇಲ್ಲ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಮಾಲಾಳ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಂದಿನ ಜೂನಿನಲ್ಲಿ, ಪಕ್ಕದವಳು ಪೆನ್ಸಿಲು ಕಸಿದಾಗ, ಇಡೀ ಕ್ಲಾಸಿಗೆ ಕೇಳುವ ಹಾಗೆ ಅವಳು ಮಲಯಾಳಂನಲ್ಲಿ ಬಯ್ದಳಂತೆ. ಆಮೇಲೆ ಅವಳಿಗೂ ಬೆರಳು ಇಡಿಸಬೇಕಾಯಿತಂತೆ. ಯಾಕೆ ಅಷ್ಟು ದಿನ ಸುಮ್ಮನಿದ್ದಳು, ಯಾಕೆ ಅವತ್ತು ಬಾಯಿ ಬಿಟ್ಟಳು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಇದು ನನಗೆ ತಿಳಿದದ್ದೂ ಅಮ್ಮನಿಂದ. ಅಮ್ಮನಿಗೆ ಹಾಲಿನ ಅಮ್ಮಿಣಿ ಹೇಳಿದ್ದಳಂತೆ. ಯಾವ ಭಾಷೆಯಲ್ಲಿ ಎಂದು ನಾನು ಅಮ್ಮನನ್ನು ಕೆದಕಲಿಲ್ಲ.

ಟೀಚರ್ ಹಾಗೆ ಹೇಳಿದ ಮೇಲೆ ಐದಾರು ದಿನ ಓಣಿಯ ಆ ತುದಿಗೆ ಹೋಗದೆ ಸುತ್ತು ದಾರಿಯಲ್ಲಿ ಬಸ್ ಸ್ಟಾಪಿಗೆ ಹೋದೆ. ಕೊನೆಗೆ ಒಂದು ಸಂಜೆ, ಮಳೆ ನಿಂತ ಮೇಲೆ, ಕಾಗದ ಪೆನ್ನು ಹಿಡಿದು ಹೊರಟೆ. ಬೇಲಿಯ ಹತ್ತಿರ ಬರುವಾಗಲೇ ದನಿ ಕೇಳಿಸಿತು. ವೈನಿ ಮಗಳನ್ನು ಬಯ್ಯುತ್ತಿದ್ದರು, ಮಗಳು ಎದುರು ಮಾತಾಡುತ್ತಿದ್ದಳು. ಇಬ್ಬರೂ ಒಟ್ಟಿಗೆ, ಕನ್ನಡದಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಷ್ಟು ಗಟ್ಟಿಯಾಗಿ. ನಾನು ಸ್ವಲ್ಪ ಹೊತ್ತು ಹೊರಗೇ ನಿಂತೆ. ಕಲಿತುಕೊಳ್ಳಲು ಅಲ್ಲ.

ಬಾಗಿಲಿಗೆ ಹೋದೆ. ಮಾಲಾ ನನ್ನನ್ನು ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಮಾತು ಅರ್ಧಕ್ಕೆ ನಿಂತಿತು. ಸರಿದು ಹೋಗಿ ತಾಯಿಯ ಸೆರಗಿನ ಹಿಂದೆ ನಿಂತಳು. ವೈನಿ ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು.

"ವೈನಿ, ತಪ್ಪಾಯ್ತು" ಅಂದೆ. "ಹೇಗೆ ಕೇಳಬೇಕೋ ಗೊತ್ತಾಗ್ತಿಲ್ಲ."

"ಆತು. ಮುಂದ?"

"ಟೀಚರ್ ಇನ್ನೊಂದು ಅವಕಾಶ ಕೊಟ್ಟಿದಾರೆ. ಈ ಸಲ ಎಲ್ಲಾ ನಿಮ್ಮನ್ನೇ ಕೇಳಿ, ನೀವು ಹೇಳಿದ್ದನ್ನೇ ಬರೀತೀನಿ. ಒಂದಕ್ಷರ ನನ್ನದು ಸೇರಿಸಲ್ಲ. ಬರೀದೇ ಹೋದ್ರೆ ನನ್ನ ವರ್ಷ ಹೋಗತ್ತೆ. ನಾಳೆಯಿಂದ ಬರಲಾ ವೈನಿ?"

ಅವರು ಸೆರಗು ಹಿಡಿದಿದ್ದ ಮಗಳ ಕೈಯ ಮೇಲೆ ತಮ್ಮ ಕೈಯಿಟ್ಟರು. ನನ್ನ ವರ್ಷದ ಬಗ್ಗೆ ಯೋಚಿಸಿದರು ಅಂತಲೇ ನನಗನ್ನಿಸಿತು. ಆಮೇಲೆ ಅಂದರು:

"ಉಣ್ಲಿಕ್ಕೆ ಬಾ ತಮ್ಮಾ. ಕೇಳ್ಲಿಕ್ಕೆ ಬರಬ್ಯಾಡ."